ಮೂವತ್ತೊಂದನೇ ಮಹಡಿಯ ಅಂಗೈ

ಮಾರ್ಚ್ 3, ಸೋಮವಾರ

ಮತ್ತೆ ಲಾಬಿಯಲ್ಲೇ ಊಟ. ಹೆಡ್ ಆಫೀಸ್ ಕಟ್ಟಡಕ್ಕೆ ಐವತ್ತು ತುಂಬುತ್ತಿದೆ, ಅದರ ಚರಿತ್ರೆಯ ಪ್ರದರ್ಶನ ನನ್ನ ತಲೆಗೆ ಕಟ್ಟಿದ್ದಾರೆ. ಪ್ಲಾನ್‌ನಲ್ಲಿ ಇದ್ದದ್ದು ಮೂವತ್ತೇ ಮಹಡಿ. ಎದುರಿನ ಬ್ಯಾಂಕಿನವರೂ ಮೂವತ್ತು ಕಟ್ಟುತ್ತಾರೆಂದು ಹಳೇ ಯಜಮಾನರಿಗೆ ಹೊಟ್ಟೆ ಉರಿದು ಇನ್ನೊಂದು ಹಾಕಿಸಿದರಂತೆ. ಅದಕ್ಕೇ ಮೂವತ್ತೊಂದರಲ್ಲಿ ನೀರಿನ ಟ್ಯಾಂಕ್ ಬಿಟ್ಟರೆ ಏನೂ ಇಲ್ಲ. ಬ್ಯಾಂಕಿನವರು ಸುಮ್ಮನಿದ್ದರೇ? ತುದಿಗೊಂದು ಧ್ವಜದ ಕಂಬ ನೆಟ್ಟರು!

ಸಂಜೆ ಬಾಸ್ ಒಪ್ಪಿದರು. ಲಾಬಿಯಲ್ಲಿ ಅಪ್ಪನ ಹೆಸರಿನ ಕಲ್ಲು. ಎಷ್ಟು ದಿನದಿಂದ ಬೆನ್ನು ಬಿದ್ದಿದ್ದೆ. ಆಗಿನ ಕಾಗದ ಒಂದೂ ಉಳಿದಿಲ್ಲ, ನಿಮ್ಮ ಮಾತೇ ಸಾಕು ಅಂದರು. ಅಪ್ಪ ಇದರ ತಳಪಾಯ ತೋಡುವಾಗ ಗುಂಡಿಗೆ ಬಿದ್ದು ಸತ್ತ ಗಾರೆ ಕೆಲಸದವನು. ನಾನಾಗ ಅಮ್ಮನ ಹೊಟ್ಟೆಯಲ್ಲಿ. 24ಕ್ಕೆ ಕಲ್ಲಿನ ಪರದೆ ಸರಿಸುವುದು ಅಮ್ಮನೇ. ಹಳೇ ಕೆಲಸಗಾರರೆಲ್ಲ ಬನ್ನಿ ಅಂತ ಪೇಪರಿನಲ್ಲೂ ಹಾಕಿಸಿದ್ದೇನೆ.

"ಬೇಡ ಕಣೇ, ಸತ್ತೋರನ್ನ ಯಾಕೆ ಎಬ್ಬಿಸ್ತೀಯ" ಅಂದಳು ಅಮ್ಮ. ಈ ಕಟ್ಟಡ ಕಂಡರೆ ಇವತ್ತಿಗೂ ರಸ್ತೆ ದಾಟಿ ಆಚೆ ಹೋಗುತ್ತಾಳೆ. ಪಾಪ.

ಮಾರ್ಚ್ 11, ಮಧ್ಯಾಹ್ನ

ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗೆ.

ಫೋಟೋ ತೆಗೆಯಲು ಪ್ಲಂಬರ್ ಜೊತೆ ಟ್ಯಾಂಕಿನ ಮಹಡಿಗೆ ಹೋದೆ. ಅಲ್ಲಿನ ನೆಲ ತೋರಿಸಿದರು. ಕೊನೇ ಕಾಂಕ್ರೀಟ್ ಹಸಿ ಇರುವಾಗಲೇ ಗಾರೆಯವರೆಲ್ಲ ಅಂಗೈ ಒತ್ತಿದ್ದಾರೆ. "ಅವರ ಪದ್ಧತಿ ಮೇಡಂ. ಕಟ್ಟಿದ್ದು ನಾವು ಅಂತ." ಪ್ರದರ್ಶನಕ್ಕೆ ಒಳ್ಳೇದೇ ಸಿಕ್ಕಿತು ಅಂದುಕೊಂಡೆ. ಆಮೇಲೆ ಮೂಲೆಯಲ್ಲೊಂದು ಬಲಗೈ. ಕಿರುಬೆರಳು ಅರ್ಧ. ಕೆಳಗೆ ಮೊಳೆಯಲ್ಲಿ ಗೀಚಿದ ಹೆಸರು — ಅಪ್ಪನದು.

ಮದುವೆ ಫೋಟೋದಲ್ಲಿ ಅಮ್ಮನ ಹೆಗಲ ಮೇಲಿರುವ ಕೈ ಅದೇ.

ತಳಪಾಯದಲ್ಲಿ ಸತ್ತವನು ಇಲ್ಲಿಗೆ ಹೇಗೆ ಹತ್ತಿದ?

ಪ್ಲಂಬರ್ ನೀರು ಕೊಟ್ಟರು. ಬಿಸಿಲು ಮೇಡಂ ಅಂದರು. ಹೌದು, ಬಿಸಿಲು ಅಂದೆ.

ಅದೇ ದಿನ, ಸಂಜೆ

ಅಮ್ಮ ಬಟ್ಟೆ ಮಡಿಸುತ್ತಿದ್ದಳು. ಫೋನಿನಲ್ಲಿ ತೋರಿಸಿದೆ. ದಿಂಬಿನ ಕವರ್ ಒಂದನ್ನೇ ಮತ್ತೆ ಮತ್ತೆ ಮಡಿಸಿದಳು.

"ಬಿಟ್ಹೋದ. ಜೊತೇಲಿ ಕೆಲಸ ಮಾಡ್ತಿದ್ದೋಳ ಮನೆ ಸೇರ್ಕೊಂಡ. ಅಪ್ಪ ಎಲ್ಲಿ ಅಂತ ನೀನು ಕೇಳ್ದಾಗ ಬಾಯಿಗೆ ಬಂದದ್ದು ಹೇಳ್ದೆ."

"ಮತ್ತೆ ರಸ್ತೆ ದಾಟೋದು?"

"ಆಗಿನ್ನೂ ಅಲ್ಲೇ ಕೆಲಸಕ್ಕಿದ್ದ, ಮೇಲಿಂದ ನೋಡ್ತಾನೇನೋ ಅಂತ. ಆಮೇಲೆ ಅದೇ ಅಭ್ಯಾಸ ಆಯ್ತು. ನೀನು ಕಲ್ಲು ಕೆತ್ತಿಸ್ತೀಯ ಅಂತ ನಂಗೇನು ಗೊತ್ತು?"

ನಗು ಬಂತು. ಛೀ, ನಗು! ಆಮೇಲೆ ಬಾತ್‌ರೂಮಿನಲ್ಲಿ ಕೂತು ಅತ್ತೆ. ಬದುಕಿದ್ದಾನಾ ಅಂತ ಒಳಗಿಂದಲೇ ಕೇಳಿದೆ. ಗೊತ್ತಿಲ್ಲ ಅಂದಳು.

ಮಾರ್ಚ್ 19

ಕಲ್ಲು ಬಂತು. "ಈ ಕಟ್ಟಡಕ್ಕಾಗಿ ಜೀವ ತೆತ್ತ..." ಓದುತ್ತ ಬಾಸ್ ಕಣ್ಣೊರೆಸಿಕೊಂಡರು. ನಿಜ ಹೇಳಲು ಹೋದವಳು ಟಿಶ್ಯೂ ಕೊಟ್ಟು ಬಂದೆ. ಹೇಡಿ ನಾನು. ಹಳೇ ಕೆಲಸಗಾರರಲ್ಲಿ ಯಾರಾದರೂ ಬಾಯಿಬಿಟ್ಟರೆ?

ಅಮ್ಮನೇ ಗಟ್ಟಿ. "ನಡಿ, ಪರದೆ ಹಗ್ಗ ಎಳೆದು ಬರ್ತೀನಿ. ನನ್ನ ಪಾಲಿಗೆ ಸತ್ತದ್ದು ನಿಜ ತಾನೆ."

ಮಾರ್ಚ್ 24, ಬೆಳಿಗ್ಗೆ 11.40

ಪ್ಯಾಂಟ್ರಿ. ಒಳಗಿಂದ ಚಿಲಕ ಹಾಕಿಕೊಂಡಿದ್ದೇನೆ.

ಪರದೆ ಸರಿಯಿತು, ಚಪ್ಪಾಳೆ. ಹಳೇ ಕೆಲಸಗಾರರ ಸಾಲಿನಿಂದ ಒಬ್ಬ ಮುದುಕ ಎದ್ದು ಕಲ್ಲಿನ ಹತ್ತಿರ ಬಂದ. ಕನ್ನಡಕ ಹಾಕಿಕೊಂಡು ಓದಿದ. ಮತ್ತೆ ಓದಿದ. ಹೆಸರಿನ ಮೇಲೆ ಅಂಗೈ ಇಟ್ಟ. ಕಿರುಬೆರಳು ಅರ್ಧ.

ಅಮ್ಮ ಇನ್ನೂ ಹಗ್ಗ ಬಿಟ್ಟಿರಲಿಲ್ಲ. ಅವಳ ಕಡೆ ತಿರುಗಿ, "ನಾನ್ಯಾವಾಗ ಸತ್ತೆ?" ಅಂದ. ಎಲ್ಲರಿಗೂ ಕೇಳಿಸಿತು. ಅಮ್ಮ ಬಾಸ್ ಕೈಯಿಂದ ಮೈಕ್ ತೆಗೆದುಕೊಂಡಳು. ನಾನು ಓಡಿಬಂದೆ.

ಯಾರೋ ಬಾಗಿಲು ಬಡಿಯುತ್ತಿದ್ದಾರೆ. ಅಮ್ಮನ ದನಿ ಇಲ್ಲಿಗೂ ಕೇಳುತ್ತಿದೆ. ಒಂಚೂರೂ ನಡುಕವಿಲ್ಲ. "ಹೇಳ್ತೀನಿ, ಕೂತ್ಕೋ. ನೀನು ಸತ್ತ ದಿನ —"