ಬೇವಿನ ದಿಮ್ಮಿಯೊಳಗಿನ ಮೊಳೆ

ಅಜಿತ,

ರೊಟ್ಟಿ ಬಡಿಯುವುದನ್ನು ನಡುವೆ ಬಿಟ್ಟು ಬರೆಯುತ್ತಿದ್ದೇನೆ. ಉಳಿದ ಹಿಟ್ಟು ಮುಚ್ಚಿಟ್ಟೇನಿ, ನೀನೇ ಬಡಕೋ.

ಸಾಮಿಲ್ಲಿನ ಖರ್ಚು ಉಳಿಸಲು ಮನೆಯಲ್ಲೇ ಹಲಗೆ ಸೀಳುತ್ತೀ, ಸರಿ. ಆದರೆ ಇವತ್ತು ಆ ಬೇವಿನ ದಿಮ್ಮಿಗೆ ಗೆರೆ ನೆಟ್ಟಗೆ ಬರಲೆಂದು ಏಣಿ ಕಟ್ಟಿ ಸರಪಳಿ ಗರಗಸದ ಮಷೀನು ಹಚ್ಚಬೇಡ. ಒಳಗೆ ಇನ್ನೂ ಮೊಳೆಗಳಿವೆ. ಸಣ್ಣವನಿದ್ದಾಗ ನಿನಗೆ ಜ್ವರ ಬಿಡಲಿಲ್ಲವೆಂದು, ದೆವ್ವವನ್ನು ಮರಕ್ಕೆ ಕಟ್ಟಿಹಾಕಲು ನಾನೇ ಹೊಡೆದವು. ರಾತ್ರಿ ಸಾಲಿ ಕಲಿತು ಊರಿಗೆಲ್ಲ ಬುದ್ಧಿ ಹೇಳಿದವಳು ಇದನ್ನು ಯಾವ ಬಾಯಿಂದ ಹೇಳಲಿ?

ಪಂಚಮಿಗೆ ಮುಂಚೆ ಮೊಳೆ ತಾಗಿ ಸರಪಳಿ ಹರಿದಾಗ, ಮಷೀನು ಕೊಟ್ಟ ಲಗಮಣ್ಣನಿಗೆ ನೀನು, "ಏನ ಕಾಕಾ, ಇಂಥಾ ಮಷೀನ ಕೊಟ್ಟು ನನ್ನ ಕೈ ಕಡಿಬೇಕಂತ ಮಾಡೀಯೇನ?" ಎಂದೆ. ಅವನು ಮುನಿಸಿಕೊಂಡು ತನ್ನ ಊರು ನೇಸರಗಿಗೆ ಹೊರಟುಹೋದ. ನಾನು ಬಾಗಿಲಲ್ಲೇ ನಿಂತಿದ್ದೆ, ಮೊಳೆಯ ಮಾತು ಎತ್ತಲಿಲ್ಲ.

ತಪ್ಪು ಮಷೀನಿನದಲ್ಲ, ನನ್ನದೆಂದು ಅವನಿಗೆ ಬರೆದ ಕಾಗದ ಪಂಚಮಿಯಿಂದ ಜೋಳದ ಡಬ್ಬಿಯಲ್ಲಿತ್ತು. ನೀನು ಇದನ್ನು ಓದುವಷ್ಟರಲ್ಲಿ ಅದು ಟಪಾಲು ಪೆಟ್ಟಿಗೆಗೆ ಬಿದ್ದಿರುತ್ತದೆ.

ನಿನ್ನ ಆಯಿ