ಮೂರನೆಯ ಪ್ಲೇಟು

ಮಂಡಿ ಮೊಹಲ್ಲಾ, ಮೈಸೂರು
೧೨-೩-೧೯೫೧

ಶ್ರೀ ಶಾಮಣ್ಣನವರಿಗೆ, ಪಿಯಾನೋ ಶ್ರುತಿ ಮಾಡುವ ಸಿದ್ದರಾಜುವಿನ ನಮಸ್ಕಾರ.

ನಿನ್ನೆ ನಿಮ್ಮ ಸಂಗೀತ ಕೂಟಕ್ಕೆ ನಾನು ತಂದ ಐದು ಗ್ರಾಮಾಫೋನ್ ಪ್ಲೇಟುಗಳನ್ನು ಈ ಪತ್ರ ತಲುಪಿದ ದಿನವೇ ಹಿಂದಿರುಗಿಸಬೇಕು. ಒಂದರ ಮೇಲೊಂದು ಪೇರಿಸಬೇಡಿ, ಒಡೆಯುತ್ತವೆ.

ನನಗೆ ಈ ಶ್ರುತಿ ಕೆಲಸ ಕಲಿಸಿದ ಇಂಗ್ಲೆಂಡಿನ ಟೀಚರಮ್ಮ ತಮ್ಮ ದೇಶಕ್ಕೆ ಹಡಗು ಹತ್ತುವ ಮುಂಚೆ ಅವನ್ನು ಕೊಟ್ಟುಹೋದರು. ಅವುಗಳಲ್ಲಿ ರಷ್ಯಾದ ಒಬ್ಬ ಪಿಯಾನೋ ವಾದಕ ತಾನು ಬರೆದ ಕಾನ್ಸರ್ಟೊ ಎಂಬ ದೊಡ್ಡ ಕೃತಿಯನ್ನು ವಾದ್ಯವೃಂದದ ಜೊತೆ ತಾನೇ ನುಡಿಸಿದ್ದಾನೆ. ಅವನು ಸತ್ತು ಎಂಟು ವರ್ಷವಾಯಿತು. ಆ ಬೆರಳುಗಳು ಉಳಿದಿರುವುದು ಪ್ಲೇಟುಗಳಲ್ಲಿ ಮಾತ್ರ. ನನ್ನಲ್ಲಿ ಗ್ರಾಮಾಫೋನ್ ಇಲ್ಲ. ನನ್ನ ಹೆಂಡತಿಗೆ ಒಮ್ಮೆಯಾದರೂ ಕೇಳಿಸಬೇಕೆಂದೇ ನಿಮ್ಮಲ್ಲಿಗೆ ತಂದೆ.

ಮೂರನೆಯ ಪ್ಲೇಟಿನಲ್ಲಿ ನಿಧಾನದ ಭಾಗ ನಡೆಯುತ್ತಿತ್ತು. ನನ್ನವಳು ದೇವಿರಮ್ಮ ನಿಮ್ಮ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಕಾಫಿ ಬಂತೆಂದು ನೀವು ಪಿನ್ನು ಎತ್ತಿಬಿಟ್ಟಿರಿ. "ಸಾಕು ಕಣ್ರೀ, ಬರೀ ಕೊರಕೊರ. ಇದಕ್ಕಿಂತ ನಮ್ಮನೆ ಒಗ್ಗರಣೆ ಸದ್ದೇ ವಾಸಿ" ಎಂದಿರಿ. ಎಲ್ಲರೂ ನಕ್ಕರು.

ದೇವಿರಮ್ಮ ನನ್ನನ್ನು ಕೇಳಿದಳು: "ಯಾಕೆ ನಿಲ್ಲಿಸ್ಬುಟ್ರು? ಆ ಯಪ್ಪ ಇನ್ನೂ ಹೇಳ್ತಾ ಇದ್ನಲ್ಲ?"

ಸಿಟ್ಟಿನ ಭರದಲ್ಲಿ ಪ್ಲೇಟುಗಳನ್ನು ಅಲ್ಲೇ ಬಿಟ್ಟು ಅವಳನ್ನು ಕರೆದುಕೊಂಡು ಎದ್ದುಬಂದೆ. ನಿಮ್ಮ ಕೂಟದಲ್ಲಿ ಇಷ್ಟು ಜನ ಓದಿದವರಿದ್ದೀರಿ. ಆ ಕೊರಕೊರದೊಳಗೆ ಒಬ್ಬ ಮನುಷ್ಯನಿದ್ದಾನೆಂದು ತಿಳಿದದ್ದು ಅವಳೊಬ್ಬಳಿಗೇ.

ಮದುವೆಗಳಿಗೆ ಗ್ರಾಮಾಫೋನ್ ಬಾಡಿಗೆ ಕೊಡುವ ಅಂಗಡಿ ನಮ್ಮ ಬೀದಿಯಲ್ಲೇ ಇದೆ. ಬಾಡಿಗೆ ನನಗೆ ದುಬಾರಿಯಾದರೂ ಬರುವ ಭಾನುವಾರಕ್ಕೆ ಹೇಳಿಬಂದಿದ್ದೇನೆ. ಅವತ್ತೇ ನಿಮ್ಮ ಮಗಳ ಪಿಯಾನೋ ಶ್ರುತಿಗೆ ನನ್ನನ್ನು ಬರಹೇಳಿದ್ದೀರಿ. ಬರುವುದಿಲ್ಲ. ದೇವಿರಮ್ಮ ಕೊನೆಯ ತನಕ ಕೇಳುತ್ತಾಳೆ. ನಾನು ಅವಳ ಪಕ್ಕದಲ್ಲಿ ಕೂತಿರುತ್ತೇನೆ.

ಇತಿ,
ಸಿದ್ದರಾಜು