ನೂರಕ್ಕೆ ಒಂದು ರೂಪಾಯಿ

ನವನಗರ, ಬಾಗಲಕೋಟೆ
೪ ನವೆಂಬರ್ ೨೦೨೫

ನನ್ನ ಮುದ್ದಿನ ಶುಭದಾ,

ಸೊಲ್ಲಾಪುರದಲ್ಲಿ ಥಂಡಿ ಶುರುವಾಯಿತೇ? ದಿನವಿಡೀ ಕೂಗಿ ಪಾಠ ಹೇಳಿ ಗಂಟಲು ಕೆಡಿಸಿಕೊಳ್ಳಬೇಡ, ಬಿಸಿನೀರು ಕುಡಿ. ನಾನು ನೆಟ್ಟಗಿದ್ದೇನೆ. ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ, ನಿನ್ನ ಹಾಗೆಯೇ.

ನೀನು ಹೇಳಿದ ಕೆಲಸ ಮುಗಿಸಿದೆ. ಏಜೆಂಟ್ ಫಾರೂಕನ ಮೂಲಕ ಹಾಕಿದ್ದ ನಿವೃತ್ತಿಯ ಹದಿನೈದು ಲಕ್ಷವನ್ನು ಆ ಮ್ಯೂಚುವಲ್ ಫಂಡಿನಿಂದ ತೆಗೆದು, ಕಡಿಮೆ ಖರ್ಚಿನ ಇಂಡೆಕ್ಸ್ ಫಂಡಿಗೆ ನೇರವಾಗಿ ಹಾಕಿದೆ. ಫೆಬ್ರುವರಿಯಿಂದ ಫೋನಿನಲ್ಲಿ ಗದರುತ್ತಲೇ ಇದ್ದೆಯಲ್ಲ, "ಅಪ್ಪಾ, ಏಜೆಂಟನ ಕಮಿಷನ್, ಖರ್ಚು ಅಂತ ನೂರಕ್ಕ ಒಂದು ರೂಪಾಯಿ ಹೆಚ್ಚಿಗಿ ಹೊಂಟದ. ವರ್ಷಕ್ಕ ಹದಿನೈದು ಸಾವಿರ! ಮಾರ್ಕೆಟ್ ಏರಲಿ, ಇಳೀಲಿ, ಅದು ತಪ್ಪೂದಿಲ್ಲ" ಎಂದು. ನಾನು ಆಷಾಢ ಎಂದೆ, ಆಮೇಲೆ ಪಿತೃಪಕ್ಷ ಎಂದೆ. ಒಮ್ಮೆ ಅಮಾವಾಸ್ಯೆಯನ್ನೇ ಮೂರು ದಿನ ಎಳೆದೆ. "ಫಂಡಿಗೆ ಎಂಥಾ ಮುಹೂರ್ತ?" ಎಂದು ನಕ್ಕೆ ನೀನು. ಕಾಲೇಜಿನಲ್ಲಿ ಪೆನ್ನಿ ವೈಸ್, ಅಂದರೆ ಕಾಸಿಗೆ ಜಾಣ, ಅಂತ ಏನೋ ಇಂಗ್ಲಿಷ್ ಗಾದೆ ಕಲಿಸಿದ್ದರು, ಮುಂದಿನ ಅರ್ಧ ಮರೆತುಹೋಗಿದೆ. ನನ್ನ ಕಥೆ ಆ ಅರ್ಧದಲ್ಲೇ ಇರಬೇಕು.

ಖರೇ ಕಾರಣ ಈಗ ಬರೆಯುತ್ತೇನೆ. ಫಾರೂಕ ಪ್ರತಿ ತಿಂಗಳ ಮೊದಲ ರವಿವಾರ ಶಿರೂರಿನಿಂದ ಬೈಕಿನ ಮೇಲೆ ಬರುತ್ತಿದ್ದ. ಹಿಸಾಬಿನ ಕಾಗದ ಕೊಡಲು ಎರಡು ನಿಮಿಷ ಸಾಕು. ಎರಡು ತಾಸು ಕೂಡುತ್ತಿದ್ದ. ನಾನು ಹಚ್ಚಿದ ಅವಲಕ್ಕಿ ತಿನ್ನುತ್ತ, "ಸರ್, ಬಾಯಾರು ಹಚ್ಚತಿದ್ದದ್ದು ಬ್ಯಾರೇನ ಇತ್ರಿ. ನಿಮ್ದು ತಿನ್ನೂ ಮುಂದ ಇನ್ಶೂರನ್ಸ್ ಮಾಡಿಸಬೇಕ್ರಿ" ಎನ್ನುತ್ತಿದ್ದ. ಅವನ ಬಾಯಾರು, ನಿನ್ನ ಅವ್ವ, ಹೋಗಿ ಮೂರು ವರ್ಷವಾಯಿತು. ಅವಳ ಹೆಸರು ಬಂದರೆ ನೀನು ಮಾತು ತಿರುಗಿಸುತ್ತೀ. ಅಳು ಬರುತ್ತದೆ, ನನಗೆ ಗೊತ್ತು. ಓಣಿಯವರೂ ಅವಳ ಮಾತು ಬಿಟ್ಟಿದ್ದಾರೆ. ಈ ಮನೆಯಲ್ಲಿ ಅವಳನ್ನು ನೆನೆಯುತ್ತಿದ್ದವನು ಅವನೊಬ್ಬನೇ. ನೂರಕ್ಕೆ ಒಂದು ರೂಪಾಯಿ ಅದಕ್ಕೇ ಹೋಗುತ್ತಿತ್ತು, ಮಗಳೇ.

ಹೋದ ತಿಂಗಳು ಅವನಿಗೇ ಹೇಳಿಬಿಟ್ಟೆ. ಸಿಟ್ಟಾಗಲಿಲ್ಲ. ತನ್ನ ಪೆನ್ನಿನಿಂದಲೇ ಫಾರ್ಮ್ ತುಂಬಿಕೊಟ್ಟ. "ಮಗಳು ಭಾಳ ಶಾಣ್ಯಾಕಿ ಅದಾಳ್ರಿ ಸರ್, ಖರೇನ ಹೇಳ್ಯಾಳ" ಎಂದ. ಆದರೆ ಅವಲಕ್ಕಿ ಅರ್ಧಕ್ಕೇ ಬಿಟ್ಟು ಎದ್ದ. ಮೊನ್ನೆ ಮೊದಲ ರವಿವಾರ ಎರಡು ಕಪ್ಪು ಚಹಾ ಮಾಡಿ, ಹನ್ನೊಂದರ ತನಕ ಬೈಕಿನ ಸಪ್ಪಳಕ್ಕೆ ಕಿವಿಯಿಟ್ಟು ಕುಳಿತೆ. ಕೊನೆಗೆ ಎರಡನ್ನೂ ನಾನೇ ಕುಡಿದೆ. ಅವನ ತಪ್ಪಿಲ್ಲ, ಹೊಟ್ಟೆಪಾಡು. ನಿನ್ನದೂ ತಪ್ಪಿಲ್ಲ, ಲೆಕ್ಕ ಸರಿಯಾಗಿಯೇ ಇದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬನಶಂಕರಿ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಸತ್ಯಬೋಧ

ತಾ.ಕ.: ಉಳಿಯುವ ಹದಿನೈದು ಸಾವಿರವನ್ನು ಹನ್ನೆರಡರಿಂದ ಭಾಗಿಸಿದೆ. ತಿಂಗಳಿಗೆ ಒಂದು ಸಾವಿರದ ಇನ್ನೂರೈವತ್ತು. ಸೊಲ್ಲಾಪುರದಿಂದ ರೈಲಿನಲ್ಲಿ ಬಂದುಹೋಗಲು ಸಾಕಾಗಿ ಮಿಗುತ್ತದೆ. ಡಿಸೆಂಬರ್ ಏಳು ಮೊದಲ ರವಿವಾರ. ಟಿಕೀಟು ತೆಗೆಸಿ ಇದರೊಳಗೇ ಮಡಚಿಟ್ಟಿದ್ದೇನೆ. ಅವಲಕ್ಕಿ ನೀನು ಹಚ್ಚು. ಅವ್ವನದರಂತೆ ಆಗದಿದ್ದರೆ ನಾನು ಹೇಳುತ್ತೇನೆ.